ಉಸಿರನ್ನು ಕೆಣಕಿ ನೋಡಿದ ವರ್ಷ

ಕೆಲವರು ಎಲ್ಲಿಗೆ ಹೋದರೂ ಮರ್ಯಾದೆ ಗಳಿಸಿಕೊಂಡು ಬರುತ್ತಾರೆ. ನಾನು ಎಲ್ಲಿಗೆ ಹೋದರೂ ಫಜೀತಿ ಗಳಿಸಿಕೊಂಡು ಬರುವವನು. ಉಸಿರು ಬಿಟ್ಟು ತೋರಿಸಿ ಬರುವಂಥ ಸಾದಾ ಕೆಲಸಕ್ಕೆ ಹೋದಾಗಲೂ ಅದು ತಪ್ಪಲಿಲ್ಲ.

ನಾನು ಬಸ್ ಕಂಡಕ್ಟರ್. ವಿಜಯಪುರದಿಂದ ತಿಕೋಟಾ ದಾಟಿ ಹೊನವಾಡಕ್ಕೆ ಹೋಗುವ ಬಸ್ಸು ನನ್ನದು; ಸಂತೆಯ ದಿನ ಬಬಲೇಶ್ವರದ ಕಡೆಗೂ ಹಾಕುತ್ತಿದ್ದರು. ಮನೆಯಲ್ಲಿ ನಾನೊಬ್ಬನೇ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು, ಮಕ್ಕಳಿಲ್ಲ. ಹೀಗಾಗಿ ದಿನದ ಮಾತನ್ನೆಲ್ಲ ಬಸ್ಸಿನಲ್ಲೇ ಆಡಿ ಮುಗಿಸಿ ಮನೆಗೆ ಹೋಗುವುದು ನನ್ನ ರೂಢಿ. ಮನೆಯಲ್ಲಿ ಸಪ್ಪಳ ಮಾಡುವುದು ಕುಕ್ಕರು ಒಂದೇ, ಅದೂ ಮೂರು ಸೀಟಿ ಹೊಡೆದು ಸುಮ್ಮನಾಗುತ್ತದೆ.

ಒಂದು ಸಂತೆಯ ದಿನ ಬಬಲೇಶ್ವರದಿಂದ ಬರುವಾಗ ಬಸ್ಸಿನ ತುಂಬ ಜನ, ಜನರ ಕಾಲಡಿಯಲ್ಲಿ ಚೀಲ. ಒಣಮೆಣಸಿನಕಾಯಿಯ ಚೀಲವೊಂದರ ಹೊಲಿಗೆ ಬಿಚ್ಚಿತು. ಬಸ್ಸಿನವರೆಲ್ಲ ಸೀನಿದರು. ನಾನು ಸೀನಲಿಲ್ಲ, ಸೀನಲು ಬೇಕಾದ ಉಸಿರೇ ಒಳಗೆ ಬರಲಿಲ್ಲ. ಮೊದಲಿನಿಂದಲೂ ಸ್ವಲ್ಪ ದಮ್ಮು ಇತ್ತು, ಜೇಬಿನಲ್ಲಿ ಬಾಯಿಗೆ ಹೊಡೆದುಕೊಳ್ಳುವ ಔಷಧದ ಪಂಪು ಇಟ್ಟುಕೊಂಡು ನಡೆಸಿಕೊಂಡು ಬಂದಿದ್ದೆ. ಆವತ್ತು ಪಂಪಿಗೂ ಜಗ್ಗಲಿಲ್ಲ. ನನ್ನ ಡ್ರೈವರ್ ಒಂದು ಕ್ಷಣವೂ ಯೋಚಿಸದೆ ಬಸ್ಸನ್ನು ಸೀದಾ ದೊಡ್ಡ ಆಸ್ಪತ್ರೆಯ ಗೇಟಿನೊಳಗೆ ತಂದು ನಿಲ್ಲಿಸಿದ. ಬಸ್ಸು ತುಂಬ ಮಂದಿಯನ್ನು ಜೊತೆಗೆ ಕರೆದುಕೊಂಡು ಬಂದ ರೋಗಿಯನ್ನು ಅಲ್ಲಿಯವರು ಅದೇ ಮೊದಲ ಸಲ ನೋಡಿದ್ದಂತೆ.

ಬದುಕಿದೆ. ಆದರೆ ಡಿಪೋದ ಸಾಹೇಬರು ನನ್ನನ್ನು ಬಸ್ಸಿನಿಂದ ಇಳಿಸಿ, ಡಿಪೋದ ಹಿಂಬದಿಯ ಒಂದು ಕೋಣೆಯಲ್ಲಿ ಕೂರಿಸಿದರು. "ಡಾಕ್ಟರ್ ಬರದು ಕೊಡಲಿ, ಆಮ್ಯಾಲ ಬಸ್ಸಿನ ಮಾತು. ಅಲ್ಲೀತನಕ ಹಗರ ಕೆಲಸ" ಎಂದರು.

ಎದೆಯ ಡಾಕ್ಟರು ಬಿಡಿಸಿ ಹೇಳಿದರು: "ನಿಮ್ಮ ಶ್ವಾಸನಾಳ ಸಿಟ್ಟಿನ ಮನಷ್ಯಾರ ಇದ್ದಂಗ ಅದಾವು. ಸಣ್ಣ ಮಾತಿಗೂ ಮಾರಿ ಬಿಗೀತಾವು. ಔಷಧದ ಮಂಜು ಕೊಟ್ಟು ಅವನ್ನ ಬೇಕಂತ ಕೆಣಕತೀವಿ. ಮೊದಲ ತೆಳ್ಳಗ, ಆಮ್ಯಾಲ ಒಂದಕ್ಕಿಂತ ಒಂದು ಗಟ್ಟಿ. ಪ್ರತಿ ಸಲ ಊದಿಸಿ ನೋಡತೀವಿ. ಉಸಿರು ಐದರಾಗ ಒಂದು ಪಾಲು ಇಳದ್ರ ಅಲ್ಲಿಗಿ ನಿಲ್ಲಸತೀವಿ. ತೆಳ್ಳಂದಕ್ಕ ಇಳದ್ರ ಸಿಟ್ಟು ಜಾಸ್ತಿ ಐತಿ, ಗಟ್ಟಿದಕ್ಕೂ ಇಳೀಲಿಲ್ಲಂದ್ರ ಶಾಂತ ಆಗ್ಯಾವು. ಮೂರ ಮೂರ ತಿಂಗಳಿಗೊಮ್ಮೆ ಕೆಣಕಿ ನೋಡೂಣು."

ಶಾಂತವಾದರೆ ಬಸ್ಸು. ಆಗದಿದ್ದರೆ ನಿವೃತ್ತಿಯ ತನಕ ಆ ಹಿಂಬದಿಯ ಕೋಣೆ. ಇಷ್ಟೇ ವಿಷಯ. ಆದರೆ ನನಗೆ ಅದು ಇಷ್ಟೇ ಆಗಿರಲಿಲ್ಲ.

ಬಾಯಿ ಮುಚ್ಚಿಕೊಂಡು ಊದುವುದು

ಟೆಸ್ಟಿನ ಕೋಣೆಯಲ್ಲಿ ಇದ್ದವಳು ಬಬಲೇಶ್ವರದ ಕಡೆಯ ಹುಡುಗಿ, ಟೆಕ್ನಿಶಿಯನ್. ನೋಡಲು ಹಿಡಿಯಷ್ಟಿದ್ದಳು. ಧ್ವನಿ ಮಾತ್ರ ಬಸ್ ಸ್ಟ್ಯಾಂಡಿನ ಮೈಕು.

"ಕಾಕಾರ, ಮೂಗಿಗೆ ಕ್ಲಿಪ್ ಹಾಕತೀನಿ. ಈ ನಳಿಗಿ ಬಾಯಾಗ ಹಿಡೀರಿ. ಉಸಿರು ಪೂರಾ ಒಳಗ ಎಳಕೊಂಡು ಒಮ್ಮಿಲೆ ಜೋರಾಗಿ ಊದ್ರಿ. ನಾ ಸಾಕು ಅನ್ನೂತನಕ ನಿಲ್ಲಸಬ್ಯಾಡ್ರಿ. ತಿಳೀತಿಲ್ಲರಿ?"

ನಾನು ನಳಿಗೆಯನ್ನು ಬಾಯಿಂದ ತೆಗೆದು, "ತಿಳೀತವ್ವಾ" ಎಂದೆ.

"ನಳಿಗಿ ತಗೀಬ್ಯಾಡ್ರಿ. ಮಾತಾಡಬ್ಯಾಡ್ರಿ."

ಮತ್ತೆ ತೆಗೆದು, "ಇಲ್ಲಿಲ್ಲ, ಮಾತಾಡೂದಿಲ್ಲ" ಎಂದೆ.

ಇದರಲ್ಲಿ ನನ್ನದೇನೂ ತಪ್ಪಿಲ್ಲ. ಕಂಡಕ್ಟರ್ ಆದವನಿಗೆ ಯಾರಾದರೂ ಏನಾದರೂ ಕೇಳಿದರೆ ಬಾಯಿ ತಾನಾಗಿಯೇ ತೆರೆಯುತ್ತದೆ. "ಹೊನವಾಡಕ್ಕ ಹೋಗತೈತೇನ್ರಿ?" ಎಂದು ಬೋರ್ಡಿನ ಕೆಳಗೇ ನಿಂತು ಕೇಳುವವರಿಗೂ ಉತ್ತರ ಕೊಟ್ಟು ರೂಢಿ. ಇವಳೋ ಮಂಜು ಕೊಡುತ್ತ ಕೊಡುತ್ತ, "ಎದಿ ಬಿಗಿ ಅನಸಾಕತ್ತೈತೇನ್ರಿ? ಹೌದಂದ್ರ ಬರೇ ಕೈ ಎತ್ರಿ" ಎಂದು ಕೇಳುತ್ತಿದ್ದಳು. ಕೈ ಎತ್ತಿದರೆ ಎಷ್ಟು ಬಿಗಿ, ಎಲ್ಲಿ ಬಿಗಿ, ಹೋದ ಸಲ ಬಿಗಿದದ್ದಕ್ಕೂ ಈಗಿನದಕ್ಕೂ ಏನು ಫರಕು ಎಂಬುದನ್ನು ಕೈಯಿಂದ ಹೇಳಲು ಬರುತ್ತದೆಯೇ? ನಾನು ನಳಿಗೆ ತೆಗೆದು ವಿವರ ಹೇಳಿದೆ. ಅವಳು ಹಣೆ ಹಿಡಿದುಕೊಂಡು ಮೊದಲಿನಿಂದ ಊದಿಸಿದಳು. "ಊದ್ರಿ, ಊದ್ರಿ, ಊದ್ರಿ, ಇನ್ನೂ, ಇನ್ನೂ, ಇನ್ನೂ ಐತಿ ಒಳಗ, ತಗೀರಿ" ಎಂದು ಅವಳು ಕೂಗುವ ಭರಕ್ಕೆ ಹೊರಗೆ ಬೆಂಚಿನ ಮೇಲೆ ಕೂತಿದ್ದವರೂ ಗಲ್ಲ ಉಬ್ಬಿಸಿ ಊದುತ್ತಿದ್ದರು. ನಡುವೆ ನನಗೆ ಅವಳ ಗುರುತು ಹತ್ತಿತು. "ಯವ್ವಾ, ನೀ ಕಾಲೇಜಿಗೆ ಬರಾಕ ನಮ್ಮ ಬಸ್ಸೇ ಹತ್ತತಿದ್ದಿ ಅಲ್ಲ? ಮುಂದಿನ ಬಾಗಲದಾಗ ನಿಂದ್ರತಿದ್ದಿ, ಒಳಗ ಸರೀ ಅಂದ್ರ ಸರೀತಿದ್ದಿಲ್ಲ" ಎಂದೆ. ಆ ಊದೂ ಹಾಳಾಯಿತು.

ಖರೆ ಹೇಳಬೇಕೆಂದರೆ, ಆ ವಾರ ನನ್ನೊಂದಿಗೆ ಇಷ್ಟು ಹೊತ್ತು ಮಾತಾಡಿದವಳು ಅವಳೊಬ್ಬಳೇ. ಮಾತಾಡಬೇಡಿ ಎಂದೇ ಮಾತಾಡಿದಳು, ಆದರೂ ಅದು ಮಾತೇ. ಟೆಸ್ಟು ಬೇಗ ಮುಗಿದುಬಿಡುತ್ತದೆಯಲ್ಲ ಎಂದು ನನಗೆ ಬೇಸರವಾಗುತ್ತಿತ್ತು.

ಮುಗಿಯಿತು ಕೂಡ. ತೀರ ತೆಳ್ಳಗಿನ ಮಂಜಿಗೇ ಎದೆಯಲ್ಲಿ ಸುಂಯ್ ಸುಂಯ್ ಶುರುವಾಗಿ, ಅವಳು ಉಸಿರು ಬಿಚ್ಚುವ ಔಷಧ ಕೊಟ್ಟು ಕೂರಿಸಿದಳು. ಡಾಕ್ಟರು ಬಂದು, "ಹ್ಯಾಂಗಾತು?" ಎಂದು ಕೇಳಿದರು.

"ಸರ್, ಔಷಧಕ್ಕ ಇವರ ಉಸಿರು ಎಷ್ಟು ಇಳೀತು ಅನ್ನೂದು ಮಷೀನಿನ್ಯಾಗ ಬಂದೈತ್ರಿ" ಎಂದಳು ಅವಳು. "ಮಾತಿಗೆ ಎಷ್ಟು ಖರ್ಚಾತು ಅನ್ನೂದನ್ನ ತೋರಸೋ ಮಷೀನು ನಮ್ಮ ಆಸ್ಪತ್ರಿಗಿ ಇನ್ನೂ ಬಂದಿಲ್ರಿ."

ಛತ್ರಿ ಕೇಳಲು ಬಂದವರು

ಡಿಪೋದಲ್ಲಿ ನನ್ನನ್ನು ಕೂರಿಸಿದ್ದು ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದ ವಸ್ತುಗಳನ್ನು ಇಡುವ ಕೋಣೆ. ಛತ್ರಿ, ಊಟದ ಡಬ್ಬಿ, ಹೆಲ್ಮೆಟ್ಟು, ಒಂದೇ ಕಾಲಿನ ಚಪ್ಪಲಿ. ಯಾರದೋ ಹಲ್ಲಿನ ಸೆಟ್ಟೂ ಒಂದಿತ್ತು. ಹಲ್ಲು ಬಿಟ್ಟು ಇಳಿದು ಹೋದ ಮಹಾರಾಯ ಮನೆಗೆ ಹೋಗಿ ಊಟ ಹೇಗೆ ಮಾಡಿದನೋ ಎಂದು ನಾನು ಎಷ್ಟೋ ಮಧ್ಯಾಹ್ನ ಯೋಚಿಸಿದ್ದೇನೆ. ಬೇರೆ ಯೋಚಿಸಲು ಏನೂ ಇರಲಿಲ್ಲ.

ಆ ಕೋಣೆಗೆ ಯಾರೂ ಬರುವುದಿಲ್ಲ. ವಸ್ತು ಕಳೆದುಕೊಂಡವರಿಗೆ ಇಂಥದೊಂದು ಕೋಣೆ ಇದೆ ಎಂಬುದೇ ಗೊತ್ತಿಲ್ಲ. ಬೆಳಿಗ್ಗೆ ಹೋಗಿ ಬಾಗಿಲು ತೆರೆಯುವುದು, ಸಂಜೆ ಹಾಕುವುದು. ಹೊರಗೆ ಬಸ್ಸುಗಳು ಹೋಗುವ ಬರುವ ಸಪ್ಪಳ. ಸಪ್ಪಳದ ಮೇಲೆಯೇ ಇದು ಯಾವ ಗಾಡಿ, ಯಾವ ಊರಿನದು ಎಂದು ಹೇಳಿಕೊಳ್ಳುತ್ತ ಕೂತಿರುತ್ತಿದ್ದೆ. ನನ್ನ ಹೊನವಾಡದ ಬಸ್ಸು ಹೋದಾಗ ಮಾತ್ರ ಎದ್ದು ಬಾಗಿಲಿಗೆ ಬರುತ್ತಿದ್ದೆ. ಡ್ರೈವರ್ ಒಂದು ಸಣ್ಣ ಹಾರ್ನ್ ಹೊಡೆದು ಹೋಗುತ್ತಿದ್ದ. ಕೆಲವು ದಿನ ಮನುಷ್ಯರಿಂದ ನನಗೆ ಸಿಕ್ಕ ಮಾತೆಂದರೆ ಆ ಹಾರ್ನ್ ಅಷ್ಟೇ.

ಹೀಗಿರುವಾಗ ಒಂದು ದಿನ ತಿಕೋಟಾದ ಒಬ್ಬರು ಬಾಗಿಲಲ್ಲಿ ಬಂದು ನಿಂತರು.

"ನಂದೊಂದು ಛತ್ರಿ ಬಸ್ಸಿನ್ಯಾಗ ಉಳದೈತ್ರಿ. ಕರೇದು, ಕಟಗಿ ಹಿಡಕಿದು."

ನನಗೆ ಆದ ಆನಂದ ಹೇಳಲಾರೆ. ಕುರ್ಚಿ ಒರೆಸಿ ಕೂರಿಸಿದೆ. ಚಹಾ ತರಿಸಿದೆ. ಅವರ ಛತ್ರಿ ನನ್ನ ಬೆನ್ನ ಹಿಂದಿನ ಮೊಳೆಗೇ ತೂಗಾಡುತ್ತಿತ್ತು, ನನಗೂ ಕಂಡಿತ್ತು. ಆದರೆ ಕೊಟ್ಟರೆ ಅವರು ಹೊರಟುಹೋಗುತ್ತಾರೆ. ಅದಕ್ಕೇ ಕೆಳಗಿನ ರಾಶಿಯಿಂದ ಶುರು ಮಾಡಿದೆ. ಒಂದೊಂದೇ ಛತ್ರಿ ಬಿಚ್ಚಿ ಹಿಡಿದು, "ಇದು ನಿಮ್ಮದೇನು?" ಎಂದು ಕೇಳುವುದು, ಅವರು ಅಲ್ಲ ಎಂದ ಮೇಲೆ ಅದು ಯಾವ ಬಸ್ಸಿನಲ್ಲಿ ಸಿಕ್ಕಿತು, ಯಾರದಿರಬಹುದು ಎಂದು ನನ್ನ ಅಂದಾಜು ಹೇಳುವುದು. ಹೂವಿನ ಚಿತ್ತಾರದ ಹೆಣ್ಣುಮಕ್ಕಳ ಛತ್ರಿಯನ್ನೂ ಬಿಡಲಿಲ್ಲ.

"ಅಣ್ಣಾರ, ನಂದು ನಿಮ್ಮ ಬೆನ್ನ ಹಿಂದ ಐತ್ರಿ, ಅದ ನೋಡ್ರಿ" ಎಂದರು.

"ಅದನ್ನ ಕಡೀಕ ನೋಡೂಣ್ರಿ. ಎಲ್ಲಾ ನೋಡಿ ಒಯ್ದರ ಆಮ್ಯಾಲ ಸಂಶಯ ಇರೂದಿಲ್ಲ. ತಿಕೋಟಾದಾಗ ಮಳಿ ಹ್ಯಾಂಗೈತಿ? ದ್ರಾಕ್ಷಿ ಹ್ಯಾಂಗ ಬಂದಾವು? ಕುಂದರ್ರಿ, ಕುಂದರ್ರಿ."

ಅವರ ಒಂದು ಬಸ್ಸು ಹೋಯಿತು. ಎರಡನೆಯದೂ ಹೋಯಿತು. ಮೂರನೆಯ ಬಸ್ಸಿನ ಹಾರ್ನ್ ಕೇಳಿದ್ದೇ ತಡ, ಅವರು ದಡಕ್ಕನೆ ಎದ್ದು ಓಡಿದರು. ಛತ್ರಿ ಅಲ್ಲೇ ಉಳಿಯಿತು. ಜೊತೆಗೆ ತಂದಿದ್ದ ಚೀಲವೂ ಉಳಿಯಿತು. ನನಗೆ ಒಳಗೊಳಗೇ ಖುಷಿ, ಚೀಲಕ್ಕಾದರೂ ಮತ್ತೆ ಬರಲೇಬೇಕಲ್ಲ.

ಮರುವಾರ ಅವರ ತಮ್ಮ ಬಂದ. "ಬರ್ರಿ ಬರ್ರಿ, ಒಳಗ ಬರ್ರಿ" ಎಂದು ನಾನು ಕುರ್ಚಿ ಎಳೆದೆ. ಅವನು ಹೊಸ್ತಿಲಿನ ಆಚೆಯೇ ನಿಂತು ಕೈ ಚಾಚಿದ:

"ಇಲ್ಲೇ ಕೊಡ್ರಿ. ಒಳಗ ಕಾಲಿಡಬ್ಯಾಡಂತ ನಮ್ಮಣ್ಣ ಆಣಿ ಹಾಕಿ ಕಳಸ್ಯಾನ್ರಿ."

ಜೋಡಿಗೆ ಒಬ್ಬರು

ಮೊದಲ ಟೆಸ್ಟು ಮುಗಿದ ದಿನವೇ ಟೆಕ್ನಿಶಿಯನ್ ಹುಡುಗಿ ತಾಕೀತು ಮಾಡಿದ್ದಳು: "ಕಾಕಾರ, ಮುಂದಿನ ಸಲ ಜೋಡಿಗೆ ಒಬ್ಬರನ್ನ ಕರಕೊಂಡು ಬರ್ರಿ. ಟೆಸ್ಟ್ ಆದಮ್ಯಾಲ ಹಾದ್ಯಾಗ ದಮ್ಮು ಹತ್ತಿದರ ಮನೀಮಟ ಮುಟ್ಟಸಾಕ ಯಾರರೆ ಬೇಕಲ್ರಿ. ಒಬ್ಬರ ಬಂದ್ರ ಟೆಸ್ಟ್ ಮಾಡೂದಿಲ್ಲ."

ಮೂರು ತಿಂಗಳು ಆ 'ಒಬ್ಬರು' ಯಾರು ಎಂದು ಹುಡುಕಿದೆ. ಡ್ರೈವರ್ ಬರುತ್ತಿದ್ದ, ಆದರೆ ಅವನಿಗೆ ಅದೇ ಹೊತ್ತಿಗೆ ಡ್ಯೂಟಿ. ಬಾಜು ಮನೆಯವರು ಒಳ್ಳೆಯವರೇ, ಆದರೆ ನಮ್ಮದು ನಮಸ್ಕಾರದ ತನಕದ ಗುರುತು. ತಿಕೋಟಾದಿಂದ ಹೊನವಾಡದ ತನಕ ನನ್ನ ಮುಖ ಗೊತ್ತಿಲ್ಲದವರು ಕಡಿಮೆ. ಯಾರ ಮಗಳಿಗೆ ಗಂಡು ಗೊತ್ತಾಗಿದೆ, ಯಾರ ಎಮ್ಮೆ ಈದಿದೆ ಎಂಬುದೆಲ್ಲ ನನಗೆ ಗೊತ್ತು. ಆದರೆ ಅವರೆಲ್ಲ ಬಸ್ಸಿನಲ್ಲಿ ಮಾತಾಡುವವರು. ಆಸ್ಪತ್ರೆಗೆ ಜೊತೆಗೆ ಬಾ ಎಂದು ಕರೆಯುವಷ್ಟು ಹತ್ತಿರದವರು ಒಬ್ಬರೂ ಇಲ್ಲ ಎಂದು ಆಗ ತಿಳಿಯಿತು. ಇಷ್ಟು ವರ್ಷ ನನಗೆ ಮಂದಿಯ ಬರ ಇಲ್ಲ ಎಂದೇ ತಿಳಿದಿದ್ದೆ. ಆವತ್ತು ಬಹಳ ಕೆಡುಕೆನಿಸಿತು.

ಟೆಸ್ಟಿನ ದಿನ ಒಬ್ಬನೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ದಪ್ಪ ಮನುಷ್ಯರೊಬ್ಬರು ಕೂತು ನಿಟ್ಟುಸಿರು ಬಿಡುತ್ತಿದ್ದರು. ಮನೆ ಹೊನವಾಡ, ತಿಕೋಟಾದಲ್ಲಿ ಒಣದ್ರಾಕ್ಷಿಯ, ನಮ್ಮ ಕಡೆಯ ಮಾತಿನಲ್ಲಿ ಮಣೂಕದ, ವ್ಯಾಪಾರ. ದ್ರಾಕ್ಷಿಗೆ ಬಣ್ಣ ಬರಲೆಂದು ಕೊಡುವ ಗಂಧಕದ ಹೊಗೆ ವರ್ಷಗಟ್ಟಲೆ ಕುಡಿದು ಅವರಿಗೂ ದಮ್ಮು, ಅವರಿಗೂ ಇದೇ ಟೆಸ್ಟು.

"ಸಾವಕಾರ್ರ, ನಿಮ್ಮ ಜೋಡಿ ಯಾರು ಬಂದಾರ್ರಿ?" ಎಂದು ಕೇಳಿದೆ.

"ಯಾರ ಬರತಾರಪಾ? ಮಣೂಕದ ಸೀಜನ್ನು. ಮಕ್ಕಳು ಶೆಡ್ ಬಿಟ್ಟು ಅಲಗ್ಯಾಡೂದಿಲ್ಲ. ನಿಮ್ಮ ಜೋಡಿ?"

"ನಮ್ಮ ಜೋಡಿ ನಾನ ಬಂದೀನ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಸಾವಕಾರರು ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದು, "ಇವರ ಜೋಡಿ ನಾ ಬಂದೀನವ್ವಾ, ಕಾಕಾನ ಮಗ ಆಗಬೇಕು" ಎಂದು ಗಟ್ಟಿಯಾಗಿ ಹೇಳಿದರು. ಕೆಲಸ ಸಲೀಸಾಯಿತು. ನನ್ನನ್ನು ಒಳಗೆ ಕರೆದುಕೊಳ್ಳುವ ಮೊದಲು ಹುಡುಗಿ ಅವರ ಹೆಸರನ್ನೂ ಕೂಗಿದಳು. ನಾನು ಅಲ್ಲಿಂದಲೇ ಹೊರಳಿ ಸಾವಕಾರರ ಹೆಗಲ ಮೇಲೆ ಕೈಯಿಟ್ಟು, "ಇವರ ಜೋಡಿ ನಾ ಬಂದೀನಿ" ಎಂದೆ.

ಅವಳು ಇಬ್ಬರನ್ನೂ ಮೇಲಿನಿಂದ ಕೆಳಗಿನ ತನಕ ನೋಡಿದಳು. ಇಬ್ಬರ ಎದೆಯಿಂದಲೂ ಸುಂಯ್ ಎಂದು ರಾಗ ಬರುತ್ತಿತ್ತು. ಪುಣ್ಯಕ್ಕೆ ವಾಪಸ್ ಕಳಿಸಲಿಲ್ಲ. ಒಬ್ಬರಾದ ಮೇಲೆ ಒಬ್ಬರಿಗೆ ಟೆಸ್ಟ್ ಮಾಡಿ, ಸಂಜೆಯ ತನಕ ಕಣ್ಣೆದುರೇ ಕೂರಿಸಿಕೊಂಡು, ಉಸಿರು ಸರಿಯಾದ ಮೇಲೆಯೇ ಬಿಟ್ಟಳು. ನನ್ನದು ಮೊದಲಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲೇರಿತ್ತು. ಡಾಕ್ಟರು ಔಷಧ ಬದಲಿಸಿ, ಇನ್ನೂ ಸಿಟ್ಟು ಹೋಗಿಲ್ಲ, ಮತ್ತೆ ಬರ್ರಿ ಎಂದರು. ನನಗೆ ನಿರಾಸೆಯಾಯಿತು. ಸಾವಕಾರರದೂ ಅದೇ ಕಥೆ.

ಹೊರಡುವಾಗ ಹುಡುಗಿ ಬಾಗಿಲಿಗೆ ಬಂದು ಹೇಳಿದಳು: "ಅಲ್ರಿ, ಹಾದ್ಯಾಗ ಇಬ್ಬರಿಗೂ ದಮ್ಮು ಹತ್ತಿದರ ಯಾರನ್ನ ಯಾರು ಹೊತಗೊಂಡು ಹೋಗವರು? ಮುಂದಿನ ಸಲ ಬರೂವಾಗ ಉಸಿರಿರೋ ಮನಷ್ಯಾನ್ನ ಕರಕೊಂಡು ಬರ್ರಿ."

ಖಾರಿ

ಆವತ್ತಿನಿಂದ ಸಾವಕಾರರು ನನಗೆ ಫೋನ್ ಮಾಡತೊಡಗಿದರು. ದಿನಾ ಅಲ್ಲ, ವಾರಕ್ಕೊಮ್ಮೆ. "ಪಂಪ್ ತಗೊಂಡ್ರೇನು? ಬಾಯಿ ಮುಕ್ಕಳಿಸಿದ್ರೇನು?" ಎಂದು ಇಬ್ಬರೂ ಕೇಳಿಕೊಳ್ಳುತ್ತಿದ್ದೆವು. ಇಷ್ಟು ಚಂದದ ಸಂಭಾಷಣೆ ನನ್ನ ಮನೆಯಲ್ಲಿ ವರ್ಷಗಳಿಂದ ನಡೆದಿರಲಿಲ್ಲ. ಮುಂದಿನ ಸಲ ಇಬ್ಬರಿಗೂ ಬೇರೆ ಬೇರೆ ದಿನ ಕೊಟ್ಟಿದ್ದರು. ಅವರ ಟೆಸ್ಟಿಗೆ ನಾನು ಜೋಡಿ, ನನ್ನ ಟೆಸ್ಟಿಗೆ ಅವರು ಜೋಡಿ ಎಂದು ಮಾತಾಯಿತು.

ಈ ಟೆಸ್ಟಿಗೆ ಒಂದು ಕಟ್ಟಳೆ ಇದೆ. ಆವತ್ತು ಮುಂಜಾನೆ ಚಹಾ ಕುಡಿಯುವಂತಿಲ್ಲ, ಕಾಫಿ ಕುಡಿಯುವಂತಿಲ್ಲ. ಚಹಾದಲ್ಲಿರುವುದು ಶ್ವಾಸನಾಳವನ್ನು ಸ್ವಲ್ಪ ಸಡಿಲ ಮಾಡುತ್ತದಂತೆ, ಆಗ ಟೆಸ್ಟು ಖರೆ ಹೇಳುವುದಿಲ್ಲ. ನಮ್ಮ ಕಡೆಯ ಮನುಷ್ಯನಿಗೆ ಚಹಾ ಬಿಡು ಎಂದು ಹೇಳುವುದು ಎಂಥ ಕಷ್ಟದ ಮಾತು! ತಿಕೋಟಾದ ಪೇಟೆಯಲ್ಲಿ ಮಣೂಕದ ದರ ಕೇಳಲು ಹೋದರೂ ಚಹಾ, ದರ ಕುದುರಿದರೂ ಚಹಾ, ಕುದುರದೆ ಜಗಳವಾದರೆ ಜಗಳ ಬಿಡಿಸಲು ಬಂದವನಿಗೂ ಚಹಾ.

ಸಾವಕಾರರ ಟೆಸ್ಟಿನ ದಿನ ನಾನು ಬಸ್ ಸ್ಟ್ಯಾಂಡಿಗೇ ಹೋಗಿ ಅವರನ್ನು ಇಳಿಸಿಕೊಂಡು ಆಸ್ಪತ್ರೆಗೆ ಕರೆತಂದೆ. ಒಬ್ಬರಿಗೆ ಜೋಡಿಯಾಗಿ ಹೋಗುವುದು ಎಷ್ಟು ದೊಡ್ಡಸ್ತಿಕೆ ಎಂದು ಆವತ್ತು ಗೊತ್ತಾಯಿತು. ಅವರ ಚೀಲ ಹಿಡಿದುಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ, "ಸಾವಕಾರ್ರ ಜೋಡಿ ಹೊಂಟೀನ್ರಿ" ಎಂದು ಹೇಳುತ್ತ ಹೋದೆ.

ಹುಡುಗಿ ಕೇಳಿದಳು: "ಚಹಾ ಕುಡದೀರೇನ್ರಿ?"

"ಇಲ್ಲವ್ವಾ."

"ಕಾಫಿ?"

"ಅದನ್ನಂತೂ ನಾ ಮೂಸೂದೂ ಇಲ್ಲ."

ಅವಳು ಕ್ಲಿಪ್ ಹಾಕಲು ಮುಖದ ಹತ್ತಿರ ಬಂದವಳು ತಟ್ಟನೆ ನಿಂತಳು. ಸಾವಕಾರರ ದಪ್ಪ ಮೀಸೆಯಲ್ಲಿ ಚಹಾದಲ್ಲಿ ಅದ್ದಿ ತಿನ್ನುವ ಬೇಕರಿಯ ಖಾರಿ ಬಿಸ್ಕಿಟಿನ ಪುಡಿ ಹಿಮದ ಹಾಗೆ ಬಿದ್ದಿತ್ತು. ಮೀಸೆಯ ತುದಿ ಕಂದು ಬಣ್ಣಕ್ಕೆ ತಿರುಗಿ ಒದ್ದೆಯಾಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು, "ಕಾಕಾರ, ಖರೇನ ಹೇಳ್ರಿ" ಎಂದಳು. ಟೆಸ್ಟು ಆವತ್ತಿಗೆ ರದ್ದಾಗಿ ಮುಂದಿನ ವಾರಕ್ಕೆ ಹೋಯಿತು. ಹೊನವಾಡದಿಂದ ಮತ್ತೆ ಬರಬೇಕಲ್ಲ ಎಂದು ಅವರು ಸಿಟ್ಟಾದರೆ, ಮುಂದಿನ ವಾರವೂ ಅವರನ್ನು ಇಳಿಸಿಕೊಳ್ಳಲು ಸ್ಟ್ಯಾಂಡಿಗೆ ಹೋಗಬಹುದು ಎಂದು ನನಗೆ ಹಬ್ಬ. ಸಾವಕಾರರು ಮಾತ್ರ ಕಾರಿಡಾರಿನ ತುಂಬ ವಾದ ಮಾಡುತ್ತಲೇ ಬಂದರು:

"ನಾ ಎಲ್ಲಿ ಚಹಾ ಕುಡದೀನಿ? ನಾ ಖಾರಿ ತಿಂದೀನಿ. ಚಹಾ ಕುಡದದ್ದು ಖಾರಿ. ಟೆಸ್ಟ್ ಮಾಡೂದಿದ್ರ ಅದನ್ನ ಮಾಡಲಿ!"

ರೈಟ್

ನನ್ನ ಮೂರನೆಯ ಟೆಸ್ಟಿನ ದಿನ ಬಂತು. ಹಿಂದಿನ ದಿನ ಡಿಪೋದ ಸಾಹೇಬರು ಕರೆದು, "ಈ ಸಲನೂ ಆಗಲಿಲ್ಲಂದ್ರ ಆ ಕೋಣಿ ನಿಮಗ ಕಾಯಂ ಮಾಡತೀನ್ರಿ, ಅಲ್ಲಿ ಆರಾಮ ಇರ್ರಿ" ಎಂದಿದ್ದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಲ್ಲಿನ ಸೆಟ್ಟಿನ ಎದುರು ವರ್ಷಗಟ್ಟಲೆ ಕೂರುವುದನ್ನು ನೆನೆಸಿಕೊಂಡೇ ನನಗೆ ಉಸಿರು ಕಟ್ಟಿತು.

ಸಾವಕಾರರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರ ಉಸಿರು ಆಗಲೇ ಪಾಸಾಗಿತ್ತು, ಹೀಗಾಗಿ ಹುಡುಗಿಯೂ ಜೋಡಿಯ ಬಗ್ಗೆ ತಕರಾರು ಮಾಡಲಿಲ್ಲ. ಆವತ್ತು ನಾನು ಒಂದೂ ಮಾತಾಡಲಿಲ್ಲ. ತೆಳ್ಳಗಿನ ಮಂಜು ಹೋಯಿತು, ನಡುವಿನದು ಹೋಯಿತು, ಊದಿದೆ. ಗಟ್ಟಿಯದು ಬಂತು, ಊದಿದೆ. ಹುಡುಗಿ ಪರದೆ ನೋಡಿದಳು, ನನ್ನನ್ನು ನೋಡಿದಳು. ಎಲ್ಲಕ್ಕಿಂತ ಗಟ್ಟಿಯದನ್ನು ಕೊಟ್ಟು, "ಊದ್ರಿ ಕಾಕಾರ" ಎಂದಳು, ಕೂಗಲಿಲ್ಲ, ಮೆಲ್ಲಗೆ. ಊದಿದೆ. ಉಸಿರು ಇಳಿಯಲಿಲ್ಲ. ಡಾಕ್ಟರು ನಗುತ್ತ ಚೀಟಿ ಬರೆದುಕೊಟ್ಟರು: ಮಾಸ್ಕ್ ಹಾಕಿಕೊಂಡು, ಪಂಪು ಬಿಡದೆ, ಬಸ್ಸಿನ ಕೆಲಸ ಮಾಡಬಹುದು.

"ಇವತ್ತು ನಮ್ಮ ಮನಿಯಾಗ ಊಟ" ಎಂದರು ಸಾವಕಾರರು. ನಾನು ಯಾರ ಮನೆಯಲ್ಲಿ ಕೂತು ಊಟ ಮಾಡಿ ಎಷ್ಟು ಕಾಲವಾಗಿತ್ತೋ. ಇಬ್ಬರೂ ಹೊನವಾಡದ ಬಸ್ಸು ಹತ್ತಿದೆವು. ಅದು ನನ್ನದೇ ಬಸ್ಸು, ನನ್ನದೇ ಡ್ರೈವರ್. ಕಂಡಕ್ಟರ್ ಮಾತ್ರ ಹೊಸಬ, ಪಾಪ, ಸಂಭಾವಿತ. ಪ್ರಯಾಣಿಕನಾಗಿ ಟಿಕೆಟ್ ತೆಗೆಸಿಕೊಂಡು ಮುಂದಿನ ಬಾಗಿಲಿನ ಹತ್ತಿರದ ಸೀಟಿನಲ್ಲಿ ಕೂತೆ.

ತಿಕೋಟಾ ಸ್ಟ್ಯಾಂಡ್ ಬಂತು. ಬಸ್ಸು ಬಂದದ್ದನ್ನು ಕಂಟ್ರೋಲರ್ ಕಡೆ ಬರೆಸಲು ಹೊಸ ಕಂಡಕ್ಟರ್ ಇಳಿದು ಹೋದ. ಇತ್ತ ಜನ ನುಗ್ಗಿದರು. ಎಲ್ಲರೂ ಬಾಗಿಲಲ್ಲೇ ನಿಂತರು, ಹಿಂದೆ ಪೂರಾ ಖಾಲಿ. ನನ್ನ ಕೈ ತುರಿಸತೊಡಗಿತು. ಎದ್ದೆ.

"ಒಳಗ ಸರೀರಿ, ಹಿಂದ ಜಾಗಾ ಐತಿ! ಯಮ್ಮಾ, ಬುಟ್ಟಿ ಸೀಟಿನ ಕೆಳಗ ಇಡು. ಏ ಹೀರೋ, ಬಾಗಲದಾಗ ಜೋತಾಡಬ್ಯಾಡ, ಒಳಗ ನಡಿ!"

ಜನ ಸರಿದರು. ಎಲ್ಲರೂ ಒಳಗೆ ಬಂದರು. ಬಾಗಿಲು ಎಳೆದೆ. ಎಳೆದ ಮೇಲೆ ಏನು ಅನ್ನಬೇಕು? ಎದೆ ತುಂಬ ಉಸಿರು ಎಳೆದುಕೊಂಡು, "ರೈಟ್!" ಎಂದೆ.

ಬಸ್ಸು ಹೊರಟಿತು.

ಸ್ಟ್ಯಾಂಡ್ ದಾಟಿತು, ಊರು ದಾಟಿತು, ಎರಡೂ ಕಡೆ ದ್ರಾಕ್ಷಿ ತೋಟ ಬಂತು. ನನಗೆ ಏನೂ ತಪ್ಪು ಕಾಣಲಿಲ್ಲ. ಹೊನವಾಡದ ಮುದುಕಿಯೊಬ್ಬಳು ನನ್ನ ಗಲ್ಲ ಸವರಿ, "ಎಲ್ಲಿ ಹೋಗಿದ್ದ್ಯೋ ನನ್ನಪ್ಪಾ ಇಷ್ಟು ದಿನಾ? ಸೊರಗಿಯಲ್ಲೋ" ಎಂದಳು. ಇನ್ನೊಬ್ಬರು ಮಗನ ಮದುವೆಯ ಸುದ್ದಿ ಹೇಳಿದರು. ಮಾತಾಡಿ ಮಾತಾಡಿ ನನ್ನ ಕಣ್ಣಲ್ಲಿ ನೀರು ಬಂತು. ಹೆಣ್ಣುಮಕ್ಕಳೆಲ್ಲ ಆಧಾರ್ ಕಾರ್ಡ್ ಎತ್ತಿ ಹಿಡಿದು, "ಜೀರೋ ಟಿಕೆಟ್ ಕೊಡಪಾ" ಎಂದರು. ಟಿಕೆಟ್ ಮಷೀನಿಗೆಂದು ಸೊಂಟಕ್ಕೆ ಕೈ ಹಾಕಿದೆ. ಮಷೀನ್ ಇಲ್ಲ. ಹೆಗಲ ಚೀಲ ಇಲ್ಲ. ಮೈಮೇಲೆ ಖಾಕಿಯೂ ಇಲ್ಲ. ಮೆಲ್ಲಗೆ ಹೊರಳಿ ಸಾವಕಾರರನ್ನು ನೋಡಿದೆ.

"ನಾನೂ ಆವಾಗಿಂದ ನೋಡಾಕತ್ತೀನಿ" ಎಂದರು ಅವರು. "ಕಂಡಕ್ಟರ್ ತಿಕೋಟಾದಾಗ ಉಳದಾನ್ರಿ. ಆದ್ರ ಬಸ್ಸು ಚೊಲೋ ಹೊಂಟೈತೆಲ್ಲ ಅಂತ ಸುಮ್ನ ಕುಂತೆ."

ಅಷ್ಟರಲ್ಲಿ ಹಿಂದಿನಿಂದ ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ಟಿಕೆಟ್ ಮಷೀನನ್ನು ಮೇಲೆತ್ತಿ ಆಡಿಸುತ್ತ ಹೊಸ ಕಂಡಕ್ಟರ್ ಬಂದ.

ಸುದ್ದಿ ನಮಗಿಂತ ಮೊದಲೇ ಡಿಪೋ ಮುಟ್ಟಿತ್ತು. ಮರುದಿನ ಮುಂಜಾನೆ ನಾನು, ಡ್ರೈವರ್, ಹೊಸ ಕಂಡಕ್ಟರ್ ಮೂವರೂ ಸಾಹೇಬರ ಎದುರು ಸಾಲಾಗಿ ನಿಂತೆವು. ಮೇಜಿನ ಮೇಲೆ ಡಾಕ್ಟರ ಚೀಟಿ ಇಟ್ಟಿದ್ದೆ. ಇಷ್ಟು ದಿನ ಕೆಣಕಿಸಿಕೊಂಡು ಗಳಿಸಿದ ಉಸಿರನ್ನು ಒಂದು ರೈಟಿನಲ್ಲಿ ಕಳೆದುಕೊಂಡೆನಲ್ಲ ಎಂದು ಅದನ್ನೇ ನೋಡುತ್ತ ನಿಂತೆ.

ಸಾಹೇಬರು ಮೊದಲು ಹೊಸ ಕಂಡಕ್ಟರನ್ನು ಹಿಡಿದರು. "ರೈಟ್ ಯಾರು ಅಂದ್ರು?"

"ನಾನ ಅಂದೆರಿ" ಎಂದ ಅವನು, ಪುಣ್ಯಾತ್ಮ.

"ನೀನ ರೈಟ್ ಅಂದ್ರ ಬಸ್ಸಿನ ಹಿಂದ ಯಾಕ ಓಡಿದಿ?"

"ರೈಟ್ ಅಂದಮ್ಯಾಲ ನೆನಪಾತ್ರಿ, ನಾ ಇನ್ನೂ ಹತ್ತಿಲ್ಲಂತ" ಎಂದ.

ಸಾಹೇಬರು ಡ್ರೈವರ್ ಕಡೆ ತಿರುಗಿದರು. "ನಿನಗ ಧ್ವನಿ ಗುರುತು ಸಿಗಲಿಲ್ಲೇನು? ಯಾರು ರೈಟ್ ಅಂದಾರ ಅಂತ ಹೊಳ್ಳಿ ನೋಡಬೇಕಾ ಬ್ಯಾಡಾ?"

ಡ್ರೈವರ್ ನೆಲ ನೋಡುತ್ತ ಹೇಳಿದ: "ಗುರುತು ಸಿಕ್ತ್ರಿ ಸಾಹೇಬ್ರ. ಎಷ್ಟೋ ದಿನಾ ಆದಮ್ಯಾಲ ಕೇಳಿದ ಧ್ವನಿರಿ ಅದು. ಹೊಳ್ಳಿ ನೋಡಿದ್ರ ಬಸ್ಸು ನಿಂದರಸಬೇಕಾಗತಿತ್ತು. ಅದಕ್ಕ ನೋಡಲಿಲ್ರಿ."

ಸಾಹೇಬರು ಚೀಟಿ ಎತ್ತಿ ನೋಡಿದರು, ನನ್ನ ಮುಖ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೊರಗೆ ಕೂತಿದ್ದ ಡ್ಯೂಟಿ ಹಾಕುವ ಗುಮಾಸ್ತನಿಗೆ ಕೇಳುವಂತೆ ಕೂಗಿದರು:

"ಏ, ಇವರನ್ನ ನಾಳಿಂದ ಹೊನವಾಡದ ಬಸ್ಸಿಗೆ ಹಾಕಪಾ! ಹಾಕಲಿಲ್ಲಂದ್ರ ಇವರು ಪ್ಯಾಸೆಂಜರ್ ಆಗಿ ಹತ್ತಿದ ಪ್ರತಿಯೊಂದು ಬಸ್ಸಿನ ಕಂಡಕ್ಟರನ್ನೂ ನಾವು ಹಾದಿಮ್ಯಾಲ ಹುಡಕಿ ಹುಡಕಿ ತರಬೇಕಾಗತೈತಿ!"